ಏಳನೆಯ ತುಂಡು

ಮೈಕು ಕಿರ್ರೆಂದಿತು, ತಗಡನ್ನು ಯಾರೋ ಕಲ್ಲಿನ ಮೇಲೆ ಎಳೆದ ಹಾಗೆ, ಸಭೆಯೆಲ್ಲ ಕಿವಿ ಮುಚ್ಚಿಕೊಂಡಿತು, ಅವಳೊಬ್ಬಳು ಮುಚ್ಚಿಕೊಳ್ಳಲಿಲ್ಲ — ಮೂವತ್ತನಾಲ್ಕು ವರ್ಷ ಇದಕ್ಕಿಂತ ಕೆಟ್ಟದ್ದನ್ನು ಕೇಳಿದ ಕಿವಿ ಅದು, ಯಂತ್ರ ಲೋಹದ ತುಂಡನ್ನು ಎಳೆದು ಬಿಟ್ಟು, ಎಳೆದು ಬಿಟ್ಟು, ಮುರಿಯುವ ತನಕ ಎಳೆಯುವ ಸದ್ದು, ವಿಮಾನದ ರೆಕ್ಕೆ ಎಷ್ಟು ಸಲ ಹಾರಿದರೆ ದಣಿಯುತ್ತದೆ ಎಂದು ಹೇಳುವುದೇ ಅವಳ ಕಸುಬು, ಲೋಹಕ್ಕೂ ಸುಸ್ತಾಗತ್ತೇನೇ, ನಮ್ಮ ಸುಸ್ತು ಅಳೆಯೋರು ಮಾತ್ರ ಯಾರೂ ಇಲ್ಲ ನೋಡು ಎಂದು ಅತ್ತೆ ಪಾತ್ರೆ ತಿಕ್ಕುತ್ತಲೇ ನಕ್ಕಿದ್ದರು, ಈಗ ಅತ್ತೆಯಿಲ್ಲ, ನಾಳೆಯಿಂದ ಕಸುಬೂ ಇಲ್ಲ, ನಿವೃತ್ತಿ, ನಿರ್ದೇಶಕರು ಹೊಗಳುತ್ತಿದ್ದಾರೆ, ನಮ್ಮ ಮೇಡಂ ಅಂದ್ರೆ ಶಿಸ್ತು, ನಮ್ಮ ಮೇಡಂ ಅಂದ್ರೆ ಸತ್ಯ — ಸತ್ಯವಂತೆ! ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಇದೇ ನಾಲಿಗೆ ತಾನೇ ಹತ್ತೊಂಬತ್ತು ವರ್ಷದ ಹಿಂದೆ ಅವಳ ಕುರ್ಚಿಗೆ ಒರಗಿ ನಿಂತು ಅಂದದ್ದು, ಆಗ ರೆಕ್ಕೆಗೆಂದು ಬಂದ ಹೊಸ ಮಿಶ್ರಲೋಹದ ಪರೀಕ್ಷೆ, ಏಳು ತುಂಡು, ಅದರಲ್ಲಿ ಆರು ತುಂಡು ಇಪ್ಪತ್ತು ಸಾವಿರ ಎಳೆತ ದಾಟಿದ್ದವು, ಏಳನೆಯದು ಹನ್ನೊಂದು ಸಾವಿರಕ್ಕೇ ಪಟ್ಟೆಂದಿತ್ತು, ಆ ಏಳನೇದು ಬಿಟ್ಬಿಡಿ ಮೇಡಂ, ಹಿಡಿಕೆ ಸಡಿಲ ಇತ್ತು ಅಂತ ಬರೀರಿ, ಕಾರ್ಖಾನೆಯವ್ರು ಕಾಯ್ತಿದಾರೆ, ನಿಮ್ಮ ಬಡ್ತಿ ಫೈಲೂ ನನ್ನ ಮೇಜಿಗೇ ಬರೋದು ಅಲ್ವಾ.

ತುಂಡನ್ನು ಕಚ್ಚಿ ಹಿಡಿಯುವ ಆ ಹಿಡಿಕೆ ಬಿಗಿದವನು ಯಂತ್ರದ ಮೇಸ್ತ್ರಿ, ನಾನೇ ಬಿಗಿದಿದ್ದು ಮೇಡಂ, ಸಡಿಲ ಇರ್ಲಿಲ್ಲ, ನೀವೂ ಮುಟ್ಟಿ ನೋಡಿದ್ರಲ್ಲ, ಹೌದು, ಮುಟ್ಟಿ ನೋಡಿದ್ದಳು, ಕಲ್ಲಿನ ಹಾಗಿತ್ತು, ಆದರೂ ಬರೆದಳು, ಸಡಿಲ, ಮೂರೇ ಅಕ್ಷರ, ಅವನನ್ನು ಯಂತ್ರದಿಂದ ಎಬ್ಬಿಸಿ ಉಗ್ರಾಣದಲ್ಲಿ ಬೋಲ್ಟು ಎಣಿಸಲು ಕೂರಿಸಿದರು, ಅವಳು ಪ್ರೊಫೆಸರ್ ಆದಳು, ಅವನೆದುರಾದರೆ ಏನನ್ನುವುದೆಂದು ಓಣಿಯಲ್ಲಿ ದಾರಿ ಬದಲಿಸುವುದನ್ನು ಕಲಿತಳು, ಹತ್ತು ವರ್ಷ ಕಳೆಯಿತು, ಆ ಲೋಹದ ತರಬೇತಿ ವಿಮಾನವೊಂದರ ರೆಕ್ಕೆ ಗಾಳಿಯಲ್ಲೇ ಕಳಚಿತು, ಇಬ್ಬರು ಸತ್ತರು, ಕಲಿಸುವವನೊಬ್ಬ, ಕಲಿಯುವ ಹುಡುಗಿಯೊಬ್ಬಳು, ಮುರಿದ ತುಂಡನ್ನು ತನಿಖೆಯವರು ತಂದಿಟ್ಟದ್ದು ಅವಳ ಮುಂದೆಯೇ, ನಿಮಗಿಂತ ಚೆನ್ನಾಗಿ ಇದನ್ನ ಓದೋರು ಯಾರಿದಾರೆ ಮೇಡಂ, ಓದಿದಳು, ಸೂಕ್ಷ್ಮದರ್ಶಕದ ಕೆಳಗೆ ಗೆರೆಯ ಪಕ್ಕ ಗೆರೆ, ಒಂದೊಂದು ಹಾರಾಟಕ್ಕೆ ಬಿರುಕು ಒಂದೊಂದು ಗೆರೆ ಮುಂದೆ ಸರಿದಿತ್ತು, ಕೊನೆಯ ಗೆರೆಯಾಚೆ ಒಮ್ಮೆಲೇ ಹರಿದ ಒರಟು, ವಿಮಾನ ಹಾರಿದ್ದು ಹನ್ನೊಂದು ಸಾವಿರ ಚಿಲ್ಲರೆ ಸಲ — ಕಚ್ಚಾ ಲೋಹದ ದೋಷವಿರಬಹುದು ಎಂದು ಬರೆದು ಸಹಿ ಹಾಕಿದಳು, ಕುಂಟು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು.

ಮೇಡಂ, ಎರಡು ಮಾತು, ಮೈಕು ಅವಳ ಕೈಗೆ ಬಂತು, ತಣ್ಣಗಿದೆ, ಮುಂದಿನ ಸಾಲಿನಲ್ಲಿ ಮಗಳು ಮೊಬೈಲ್ ಎತ್ತಿ ಹಿಡಿದಿದ್ದಾಳೆ, ಅಮ್ಮ ನಗು ಎಂದು ಸನ್ನೆ ಮಾಡುತ್ತಾಳೆ, ಕೊನೆಯ ಸಾಲಿನಲ್ಲಿ ನರೆತ ತಲೆ, ಮೇಸ್ತ್ರಿ, ನಿನ್ನೆ ಉಗ್ರಾಣದ ಬಾಗಿಲಲ್ಲಿ ನಿಂತು ಅವಳೇ ಕರೆದಿದ್ದಳು, ಬನ್ನಿ, ನೀವು ಬರಲೇಬೇಕು, ನೋಡೋಣ ಮೇಡಂ ಅಂದಿದ್ದ, ಬಂದಿದ್ದಾನೆ — ಹಿಡಿಕೆ ಸಡಿಲ ಇರಲಿಲ್ಲ, ಎಂದಳು, ಆ ಏಳನೇ ತುಂಡು, ಅವರು ಸರಿಯಾಗೇ ಬಿಗಿದಿದ್ರು, ಸುಳ್ಳು ಬರೆದಿದ್ದು ನಾನು, ಆ ರೆಕ್ಕೆ, ಆ ಹುಡುಗಿ — ಅಷ್ಟರಲ್ಲಿ ನಿರ್ದೇಶಕರ ಕೈ ಮೈಕಿನ ಮೇಲೆ, ನೋಡಿದ್ರಾ, ಇವತ್ತೂ ಮೇಡಂಗೆ ಲ್ಯಾಬಿನದ್ದೇ ಧ್ಯಾನ, ಸಭೆ ಗೊಳ್ಳೆಂದು ನಕ್ಕಿತು, ಚಪ್ಪಾಳೆಯೋ ಚಪ್ಪಾಳೆ, ಮಗಳೂ ತಟ್ಟಿದಳು, ಮೇಸ್ತ್ರಿ ತಟ್ಟಲಿಲ್ಲ, ಎದ್ದ, ಕುರ್ಚಿಯನ್ನು ಸದ್ದಾಗದಂತೆ ಸರಿಸಿದ, ಅವಳತ್ತ ಒಮ್ಮೆಯೂ ನೋಡದೆ ಹೊರಟ, ನಿಲ್ಲಿ ಎನ್ನಲು ಮೈಕು ಬೇಕಿರಲಿಲ್ಲ, ಬಾಯಿ ಸಾಕಿತ್ತು, ಅದು ತೆರೆಯಲಿಲ್ಲ, ಹೂಗುಚ್ಛ ಯಾರೋ ಕೈಗೆ ತುರುಕಿದರು, ನಗಿ ಮೇಡಂ ಎಂದರು, ನಕ್ಕಳು, ಗೆರೆ, ಗೆರೆಯ ಪಕ್ಕ ಗೆರೆ, ಕೊನೆಯ ಗೆರೆಯ ಮಾರನೆಯ ಬೆಳಿಗ್ಗೆ ಆ ಹುಡುಗಿ ಸೀಟಿನ ಪಟ್ಟಿ ಬಿಗಿದು ಕೂತಿರಬೇಕು, ಅಲ್ಲಿಂದಾಚೆ ಗೆರೆಯಿಲ್ಲ, ಒರಟು, ಬರೀ ಒರಟು