ಬೆಳಗಿದ ಬಿಲ್ಲೆ

ಕಿರುಗಾವಲಿನ ಮರಿತಾಯಮ್ಮನ ದೇವರ ಗೂಡಿನಲ್ಲಿ ಹುಣಸೆ ಬೀಜದಷ್ಟಗಲದ ಒಂದು ಕಂಚಿನ ಬಿಲ್ಲೆ ಇತ್ತು. ಗದ್ದೆ ಮಟ್ಟ ಮಾಡುವಾಗ ಅವಳ ಮಾವನಿಗೆ ಸಿಕ್ಕಿದ್ದು. ಹಸಿರುಗಟ್ಟಿದ ಅದರ ಮೇಲೊಂದು ಪ್ರಾಣಿ ಕತ್ತು ಹೊರಳಿಸಿ ನಿಂತಿತ್ತು. ಹಸುವೆಂದೇ ಎಲ್ಲರ ನಂಬಿಕೆ. ಹೊಟ್ಟೆಯ ಕೆಳಗೆ ಎರಡು ಕೂಸು ಬಾಯೆತ್ತಿ ಮೊಲೆ ಉಣ್ಣುತ್ತಿದ್ದವು.

ಮರಿತಾಯಮ್ಮನಿಗೂ ಒಂದೇ ಬಸಿರಿನಲ್ಲಿ ಎರಡು ಹುಟ್ಟಿದ್ದವು. ಎದೆಗೆ ಹಾಲಿಳಿಯುವ ಮೊದಲೇ ಒಂದು ಹೋಯಿತು, ಮಾರನೆಯ ದಿನ ಇನ್ನೊಂದು. ಆಮೇಲೆ ಬಸಿರು ನಿಲ್ಲಲಿಲ್ಲ. ಅಂಥ ಕೂಸುಗಳ ಫೋಟೊ ಯಾರು ತೆಗೆಸುತ್ತಾರೆ? ನಲವತ್ತು ವರ್ಷದಿಂದ ಬಿಲ್ಲೆಯ ಮೇಲಿನವೇ ತನ್ನವು ಎಂದುಕೊಂಡು, ಕೂಸಿಗೆ ಕುಡಿಸುವ ಒಳಲೆಯಲ್ಲಿ ದಿನಾ ಬೆಳಗ್ಗೆ ಹಾಲಿಟ್ಟು ಕೂರುವಳು.

ಹೋದ ತಿಂಗಳು ತಂಗಿಯ ಮಗ ಅಂಬರೀಶ್ ಬಂದಿದ್ದ. ಮದ್ದೂರಿನ ಕಾಲೇಜಿನಲ್ಲಿ ಚರಿತ್ರೆಯ ಮೇಷ್ಟ್ರು. ಭೂತಗನ್ನಡಿ ಹಿಡಿದು ನೋಡಿದ.

"ಇದು ಅಸ ಅಲ್ಲ ದೊಡ್ಡವ್ವ, ತೋಳ. ಅಳೇ ರೋಮಿನೋರ ಕಾಸು. ಅವ್ರ ಊರು ಕಟ್ಟಿದ ಅವಳಿ ಅಣ್ತಮ್ಮಂದ್ರನ್ನ ಕೂಸಾಗಿದ್ದಾಗ ಒಳೆಗೆ ಬುಟ್ಬುಟ್ಟಿದ್ರಂತೆ. ತೋಳ ಆಲು ಕೊಡ್ತಂತೆ."

"ಉಳುದ್ವಾ?"

"ಉಳುದ್ವು."

"ತೋಳಾದ್ರೇನ್ಲಾ. ಯಾರೋ ಒಬ್ರು ಆಲು ಕೊಟ್ರಲ್ಲ."

"ಇದ್ನ ತೊಳೀಬ್ಯಾಡ ಮತ್ತೆ. ಆ ಅಸುರು ಪೊರೆನೇ ಚಿತ್ರ ಇಡ್ಕಂಡಿರೋದು."

"ನಾನ್ಯಾಕ್ಲಾ ತೊಳೀಲಿ. ಸೆರಗಲ್ಲೂ ಒರೆಸಾಕಿಲ್ಲ."

ಈ ಶುಕ್ರವಾರ ಅವಳು ಜ್ವರ ಬಂದು ಮಲಗಿದ್ದಳು. ನೋಡಿಕೊಳ್ಳಲು ಕೆರಗೋಡಿನಿಂದ ತಂಗಿ ಬೆಳ್ಳಮ್ಮ ಬಂದಿದ್ದಳು. ಹಿತ್ತಲಲ್ಲಿ ನಾರು ಉಜ್ಜುವ ಸದ್ದು ಕೇಳುತ್ತಿತ್ತು. ಮರಿತಾಯಮ್ಮ ಪಾತ್ರೆಯಿರಬೇಕೆಂದುಕೊಂಡು ಕಣ್ಣುಮುಚ್ಚಿದಳು.

ಬೆಳ್ಳಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. "ದೀಪ, ಗಂಟೆ ಎಲ್ಲಾನೂ ಉಣಸೆಅಣ್ಣು ಬೂದಿ ಆಕಿ ಬೆಳಗ್ದೆ ಕಣಕ್ಕ. ಆ ಬಿಲ್ಲೆ ಒಂದು ನೋಡು, ಅದೆಷ್ಟು ಕಿಲುಬು. ಇಂಗಾ ಮಡೀಕಳದು ದೇವ್ರನ್ನ? ಉಜ್ಜಿ ಉಜ್ಜಿ ರಟ್ಟೆ ಬಿದ್ದೋಯ್ತು."

ಮರಿತಾಯಮ್ಮ ಅದನ್ನು ಈಸಿಕೊಂಡು ಅಂಗೈಯಲ್ಲಿ ಹಿಡಿದಳು. ಬಿಲ್ಲೆ ಹೊಸದರಂತೆ ಹೊಳೆಯುತ್ತಿತ್ತು. ತೋಳದ ಬೆನ್ನಿತ್ತು, ಹೊರಳಿಸಿದ ಕತ್ತಿತ್ತು. ಹೊಟ್ಟೆಯ ಕೆಳಗೆ ಹೆಬ್ಬೆರಳು ಆಡಿಸಿದಳು. ನುಣ್ಣಗಿತ್ತು.

"ಯಾಕಕ್ಕ, ಸಂದಾಗಿ ಬೆಳಗ್ನಿಲ್ವಾ?"

"ಬೆಳಗಿದ್ದೀಯ ಬುಡಮ್ಮಿ."

ಮಾರನೆಯ ಬೆಳಗ್ಗೆ ಜ್ವರ ಇಳಿದಿತ್ತು. ಒಳಲೆ ತುಂಬಿಸಿಕೊಂಡು ಗೂಡಿನ ಮುಂದೆ ನಿಂತಳು. ತೋಳ ಹೊಟ್ಟೆಯ ಕೆಳಗೆ ತಿರುಗಿ ನೋಡುತ್ತಲೇ ಇತ್ತು.

"ಅಕ್ಕ, ಕಾಪಿಗೆ ಆಲು ಸಾಲ್ದು ಕಣೆ," ಎಂದು ಒಲೆಯ ಮುಂದಿನಿಂದ ಬೆಳ್ಳಮ್ಮ ಕೂಗಿದಳು.

ಮರಿತಾಯಮ್ಮ ಹೋಗಿ, ಒಳಲೆಯನ್ನು ಕಾಫಿಯ ಪಾತ್ರೆಗೆ ಬಗ್ಗಿಸಿದಳು.