ಬಲಗಡೆಯ ಭುಜ

ಎರಡು, ಮೂರು — ಎಡಗಡೆಯವಳ ಅಂಗಿಯ ಲೇಬಲ್ಲು ಕುತ್ತಿಗೆಯಿಂದ ಹೊರಗೆ ಇಣುಕುತ್ತಿದೆ, ತಣ್ಣೀರಿನಲ್ಲಿ ಒಗೆಯಿರಿ ಅಂತ ಇರಬೇಕು, ಮನುಷ್ಯಕುಲದ ಏಕಾಂತದ ಬಗ್ಗೆ ಬ್ಯಾಲೆ ಮಾಡುವಾಗ ಕಣ್ಣಿಗೆ ಬೀಳುವುದು ಇಂಥದ್ದೇ, ಸಂಗೀತವಿಲ್ಲದ ಭಾಗ ಬೇರೆ, ಎಣಿಕೆಯೆಲ್ಲ ತಲೆಯೊಳಗೆ, ಮೇಷ್ಟ್ರು ಮೊದಲ ದಿನದಿಂದ ಹೇಳುತ್ತಲೇ ಇದ್ದಾರೆ, ಇಲ್ಲಿ ನಾಯಕಿ ಇಲ್ಲ, ನಾಯಕ ಇಲ್ಲ, ನೀವೆಲ್ಲ ಸೇರಿ ಒಂದೇ ಮೈ, ಮೈ ಒಂದೇ ಸರಿ, ಮಂಡಿನೋವು ಮಾತ್ರ ಹನ್ನೆರಡು — ಹನ್ನೆರಡಲ್ಲ, ಸೋಮವಾರದಿಂದ ಹನ್ನೊಂದು, ಅಕ್ಕನ ಸೊಂಟದ ಕೀಲು ಸವೆದಿದೆ, ಇನ್ನು ಕುಣಿಯುವ ಹಾಗಿಲ್ಲ ಎಂದು ಡಾಕ್ಟರು ಬರೆದುಕೊಟ್ಟ ಮೇಲೆ ಮೇಷ್ಟ್ರು ಬದಲಿ ಹುಡುಕಲಿಲ್ಲ, ಸರಿದು ಜಾಗ ಮುಚ್ಚಿಕೊಳ್ಳಿ ಅಂದರು, ಬೆಂಚಿನಿಂದ ಯಾರೋ ಎದ್ದುಹೋದ ಹಾಗೆ. ಎಣಿಕೆ ಏಳಕ್ಕೆ ಬಂದಾಗ ನಾನು ಬಲಕ್ಕೆ ವಾಲಬೇಕು, ಕಡಿದ ಮರದ ಹಾಗೆ, ಮೊಣಕಾಲು ಬಾಗಿಸದೆ, ಆ ಕಡೆ ನೋಡದೆ. ಒಂಬತ್ತು ವರ್ಷ ಅಲ್ಲಿ ಅಕ್ಕನ ಎಡಭುಜ ಇರುತ್ತಿತ್ತು, ಮನೆಯಲ್ಲಿ ಟವೆಲ್ಲಿಗಾಗಿ ಮಾತು ಬಿಟ್ಟ ದಿನವೂ ಇರುತ್ತಿತ್ತು, ಈಗ ಅಲ್ಲಿ ಕಂಬ, ಅವನ ಎತ್ತರಕ್ಕೆ ನಾವೇ ಇಟ್ಟ ಹೆಸರು, ಒಳ್ಳೆಯ ಮನುಷ್ಯ, ಆದರೂ ಮೂರು ದಿನದಿಂದ ಏಳು ಬಂದ ಕೂಡಲೇ ನನ್ನ ಬಲಗಾಲು ನನ್ನನ್ನು ಕೇಳದೆ ಚಾಚಿ ನೆಲಕ್ಕೆ ಊರುತ್ತದೆ, ಇಡೀ ಸಾಲು ತಡವರಿಸುತ್ತದೆ. ನಿನ್ನೆ ಮೇಷ್ಟ್ರು ದನಿ ಏರಿಸದೆ, ನೋಡಮ್ಮ, ನಿಂಗೆ ನಂಬಿಕೆ ಬರೋವರೆಗೂ ಕಾಯೋಕಾಗಲ್ಲ, ನಾಳೆ ಮಧ್ಯಾಹ್ನ ತಾಲೀಮಲ್ಲೂ ಕಾಲು ಊರಿದ್ರೆ ಹತ್ತೇ ಜನ ಇಟ್ಕೊಂಡು ಮಾಡ್ತೀನಿ ಅಂದರು. ಕಂಬ ಪಾಪ, ನಾನೇನು ಬೀಳಿಸ್ತೀನಾ, ಮನೇಲಿ ಕಬ್ಬಿಣದ ಬೀರು ನಾನೊಬ್ನೇ ಎತ್ತಿದೀನಿ ಅಂದ, ಬೀರುಗೆ ಅನುಮಾನ ಇರಲ್ಲ ಕಣೋ ಅಂದೆ. ರಾತ್ರಿ ಮನೆಯಲ್ಲಿ ಅಕ್ಕ ತಟ್ಟೆಯಿಂದ ತಲೆ ಎತ್ತದೆ, ನಿಂಗೆ ಬೇಕಾಗಿರೋದು ನಾನಲ್ಲ ಕಣೇ, ಭುಜ, ಅವನ ಹತ್ರ ಎರಡಿವೆ — ಆಮೇಲೆ, ನಾನೂ ಬರ್ತೀನಿ, ಮೂರನೇ ಸಾಲಲ್ಲಿ ಕೂತ್ಕೋತೀನಿ, ನನ್ನ ಕಡೆ ನೋಡ್ಬೇಡ. ನಾಲ್ಕು, ಬಂದಿದ್ದಾಳೆ, ಟಿಕೆಟ್ ಕೊಂಡವಳ ಗತ್ತಿನಲ್ಲಿ, ಐದು, ಕಂಬ ಮೂಗಿನಲ್ಲಿ ಜೋರಾಗಿ ಉಸಿರೆಳೆಯುತ್ತಾನೆ, ಇಲ್ಲೇ ಇದೀನಿ ಅನ್ನುವುದಕ್ಕೆ, ಆರು, ಬಲಗಾಲೇ ದಯವಿಟ್ಟು, ಏಳು — ಮೈ ಹೋಗುತ್ತಿದೆ, ದೀಪಗಳು ಓರೆಯಾದವು, ಕಾಲು ಇದ್ದಲ್ಲೇ ಇದೆ, ಗಟ್ಟಿಯಾದ, ಬೇರೆ ಸಾಬೂನಿನ ವಾಸನೆಯ ಭುಜ ಸಿಕ್ಕಿತು, ನಿಂತೆ, ಸಾಲು ನಿಂತಿತು, ಮೇಷ್ಟ್ರು ಹಾಂ ಸರಿ ಅಂದರು, ಅಂದರೆ ಉಳಿದೆ, ಅಂದರೆ ಅವಳಿಲ್ಲದೆಯೂ ಆಗುತ್ತದೆ, ನೋಡಬೇಡ ಅಂದಿದ್ದಳು, ನೋಡಿದೆ, ಮೂರನೆಯ ಸಾಲಿನ ಖಾಲಿ ಕುರ್ಚಿಗಳ ನಡುವೆ ಅಕ್ಕನ ಎಡಭುಜ ಎದ್ದಿದೆ, ಭಾರ ಹೊರಲು ಎದ್ದಿದೆ, ಎಂಟು, ಒಂಬತ್ತು, ಇನ್ನೂ ಇಳಿದಿಲ್ಲ, ಅವಳಿಗೆ ಗೊತ್ತೇ ಇಲ್ಲ, ಆ ಎಡಭುಜ —