ಮೂವತ್ತೇಳರ ಗೋಲ್‌ಕೀಪರನಿಗೆ ಇನ್ನೊಂದು ವರ್ಷ

ಜೇಬು ಕೂಗ್ತಿದೆ ರೀ, ಅನ್ನುತ್ತಿದ್ದಾಳೆ ಸುಶೀಲಾ, ಕೈಯಲ್ಲಿದ್ದ ಸೌಟನ್ನು ಪದ್ಮನಾಭನ ಎದೆಯತ್ತ ತೋರಿಸಿಕೊಂಡು, ಏನು ಕೂಗುವುದು, ಯಾರ ಜೇಬು — ಓ, ಶರ್ಟಿನ ಜೇಬಿನಲ್ಲಿ ಬಿದ್ದಿರುವ ಕಿವಿಯ ಯಂತ್ರ ಕುಂಯ್‌ಗುಡುತ್ತಿದೆಯಂತೆ, ಅವಳಿಗೆ ಒಗ್ಗರಣೆ ಸಿಡಿಯುವ ಒಲೆಯ ಹತ್ತಿರ ನಿಂತರೂ ಕೇಳುತ್ತದೆ, ಇವನಿಗೆ ಅಂಗೈಯಲ್ಲಿ ಹಿಡಿದರೂ ಇಲ್ಲ, ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ, ಸರಿ ಹೋಯ್ತಾ ಅಂದ, ಅವಳು ಏನೋ ಅಂದಳು, ಐವತ್ತೆರಡು ವರ್ಷದ ಸಂಸಾರದಲ್ಲಿ ಅರ್ಧ ಮಾತು ತುಟಿಯಲ್ಲೇ ಗೊತ್ತಾಗುತ್ತದೆ, ಕಿವಿಗೆ ಹಾಕ್ಕೊಳ್ಳೋಕೆ ತಾನೇ ತಂದಿದ್ದು ಅಂದಿರುತ್ತಾಳೆ, ಅನ್ನಲಿ, ಈಗ ಪುರುಸೊತ್ತಿಲ್ಲ, ಜೂನ್ ಮುಗಿಯುತ್ತ ಬಂತು, ಜುಲೈ ಒಂದಕ್ಕೆ ಆಟಗಾರರ ಸಂತೆ ತೆರೆಯುತ್ತದೆ, ಅಷ್ಟರೊಳಗೆ ಮುಂದಿನ ವರ್ಷದ ತಂಡದ ಪ್ಲಾನ್ ಹಾಕಬೇಕು, ಹತ್ತೊಂಬತ್ತು ವರ್ಷದಿಂದ ಪ್ರತಿ ಜೂನ್‌ನಲ್ಲೂ ಹಾಕಿದ್ದಾನೆ, ರಾಲೀಯ ಐಸ್ ಹಾಕಿ ತಂಡದ ಅಭಿಮಾನಿಗಳ ವೆಬ್‌ಸೈಟಿನಲ್ಲಿ, ಬಫಲೋ ಡಾಕ್ಟರ್ ಎಂಬ ಹೆಸರಿನಲ್ಲಿ, ಆ ಬಫಲೋ ಡಾಕ್ಟರ್ ಮಾರಿಸ್‌ವಿಲ್‌ನ ಟೌನ್‌ಹೌಸಿನಲ್ಲಿ ಕೂತು ಉಪ್ಪಿಟ್ಟು ತಿನ್ನುವ ನಿವೃತ್ತ ಹೃದಯತಜ್ಞ, ಎಂಬತ್ತಕ್ಕೆ ನಾಲ್ಕೇ ತಿಂಗಳು ಬಾಕಿ ಇರುವವನು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಇಪ್ಪತ್ತಮೂರು ಹೆಸರು, ಎಲ್ಲರ ಸಂಬಳ ಸೇರಿ ತೊಂಬತ್ತೈದೂವರೆ ಮಿಲಿಯನ್ ಡಾಲರ್, ಅದರ ಮೇಲೆ ಒಂದು ಕಾಸೂ ಹೋಗುವಂತಿಲ್ಲ, ಮಾಲೀಕ ಕುಬೇರನ ಮೊಮ್ಮಗನಾದರೂ ಅಷ್ಟೇ, ಲೀಗಿನ ಕಟ್ಟಳೆ, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅಜ್ಜಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದನ್ನು ಇವರು ವಕೀಲರನ್ನು ಕೂರಿಸಿ ನೂರಾರು ಪುಟ ಬರೆಸಿದ್ದಾರೆ, ಇರಲಿ, ಮಜಾ ಇರುವುದೇ ಅಲ್ಲಿ, ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಡುವುದು, ವೆಬ್‌ಸೈಟಿನ ಪಡ್ಡೆಗಳೆಲ್ಲ ಒಂಬತ್ತು ಮಿಲಿಯನ್ನಿನ ಫಾರ್ವರ್ಡ್ ಒಬ್ಬನನ್ನು ತನ್ನಿ ತನ್ನಿ ಅಂತ ಕುಣಿಯುತ್ತಿದ್ದಾರೆ, ಹಿಂದೆ ರಕ್ಷಣೆಗೆ ನೆಟ್ಟಗೆ ನಾಲ್ಕು ಜನ ಇಲ್ಲ, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ, ಅವನು ಬೇಡ, ಆ ದುಡ್ಡಲ್ಲಿ ಇಬ್ಬರು ಗಟ್ಟಿ ಡಿಫೆನ್ಸಿನವರು, ಮೂರು ಮೂರು ವರ್ಷ, ಆಯಿತು, ಮೊಣಕಾಲು ಹೋದ ಎಡಗಡೆಯವನು, ಬೈ ಬೈ, ಆಮೇಲೆ ಗೋಲ್‌ಕೀಪರ್ — ಮೂವತ್ತೇಳು ವರ್ಷ, ಹನ್ನೊಂದು ವರ್ಷದಿಂದ ಇದೇ ಬಲೆಯ ಮುಂದೆ ನಿಂತವನು, ಇನ್ನೂ ಎರಡು ವರ್ಷ ಬೇಕಂತೆ, ವರ್ಷಕ್ಕೆ ನಾಲ್ಕೂವರೆ ಮಿಲಿಯನ್, ಮೂವತ್ತೈದು ದಾಟಿದವನ ಒಪ್ಪಂದ ಅಂದರೆ ಹುಷಾರಾಗಿರಬೇಕು, ನಾಳೆ ಅವನು ಸುಸ್ತಾಗಿ ಮನೆಗೆ ಹೋದರೂ ಆ ಸಂಬಳ ತಂಡದ ಲೆಕ್ಕದಲ್ಲೇ ಉಳಿದುಬಿಡಬಹುದು, ಬೇಡ, ಇಪ್ಪತ್ತನಾಲ್ಕರ ಫಿನ್ಲೆಂಡಿನವನು ಒಬ್ಬ ಎರಡು ವರ್ಷದಿಂದ ಬೆಂಚಿನ ಮೇಲೆ ಕಾಯುತ್ತಿದ್ದಾನೆ, ಅವನನ್ನು ನಿಲ್ಲಿಸಿ, ಹಳಬನಿಗೆ ಒಂದು ಶಾಲು, ಒಂದು ಸನ್ಮಾನ, ಡಿಲೀಟ್.

ತಾತ, ದಟ್ಸ್ ಸೋ ಮೀನ್, ಅಂದಿದ್ದಳು ಇಶಾ ನಿನ್ನೆ ಕರಡಿನಲ್ಲಿ ಇದನ್ನೇ ನೋಡಿ, ಮಗ ರಾಜೀವನ ಮಗಳು, ಹದಿನಾರು ವರ್ಷ, ಅವನು ಟೀಮ್‌ದು ಹಾರ್ಟ್ ತಾತ, ಯು ಕಾಂಟ್ ಜಸ್ಟ್ ಡಿಲೀಟ್ ಹಿಮ್, ಹಾರ್ಟ್ ವಿಷಯ ನನಗೆ ಹೇಳಬೇಡ ಕಣೇ, ನಲವತ್ತು ವರ್ಷ ಅದನ್ನೇ ನೋಡಿದ್ದೀನಿ, ಅದೂ ಒಂದು ಪಂಪು, ಕವಾಟ ಸವೆದರೆ ಬದಲಾಯಿಸ್ತಾರೆ — ಮೇ ತಿಂಗಳ ಕೊನೆಯ ಪಂದ್ಯಕ್ಕೆ ಅವಳೇ ಕಾರ್ ಡ್ರೈವ್ ಮಾಡಿಕೊಂಡು ಕರೆದುಕೊಂಡು ಹೋಗಿದ್ದಳು, ಸಮ ಸಮ ಆಗಿ ಹೆಚ್ಚುವರಿ ಸಮಯ, ಹದಿನೆಂಟು ಸಾವಿರ ಜನ ಉಸಿರು ಬಿಗಿಹಿಡಿದು ಕೂತಿದ್ದರು, ಅದೇನೂ ಅಂಥ ದೊಡ್ಡ ಹೊಡೆತವಲ್ಲ, ಎಡಗಡೆಯಿಂದ ಬಂದದ್ದು, ಮೂರು ವರ್ಷದ ಹಿಂದೆ ಆಗಿದ್ದರೆ ಈ ಮನುಷ್ಯ ನೊಣ ಹಿಡಿದಂತೆ ಹಿಡಿದು ಎಸೆಯುತ್ತಿದ್ದ, ಗ್ಲವ್ ಮೇಲೆದ್ದಿತು, ಚೆನ್ನಾಗಿಯೇ ಎದ್ದಿತು, ಆದರೆ ಅಷ್ಟು ಹೊತ್ತಿಗೆ ಅವನ ಬೆನ್ನ ಹಿಂದೆ ಗೋಲಾಯಿತೆನ್ನುವ ಕೆಂಪು ದೀಪ ಹತ್ತಿಬಿಟ್ಟಿತ್ತು, ಪಕ್ ಅನ್ನುವ ರಬ್ಬರ್ ಬಿಲ್ಲೆ ಬಲೆಯೊಳಗೆ, ಗ್ಲವ್ ಗಾಳಿಯಲ್ಲಿ, ಖಾಲಿ, ಯಾರನ್ನೋ ಕರೆಯುವವನ ಹಾಗೆ ಹಾಗೇ ನಿಂತಿದ್ದ. ಗೋಲ್‌ಕೀಪರ್ ಮೊದಲು ಕೇಳಿಸಿಕೊಳ್ಳುತ್ತಾನೆ ಡಾಕ್, ಆಮೇಲೆ ನೋಡುತ್ತಾನೆ, ಅಂತ ಬಫಲೋ ಊರಿನ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವ ಪೋಲಿಷ್ ಮುದುಕ ಹೇಳಿಕೊಟ್ಟಿದ್ದ, ಎಪ್ಪತ್ತೊಂದರ ಚಳಿಗಾಲ, ಇವನು ಮೈಸೂರು ಮೆಡಿಕಲ್ ಕಾಲೇಜಿನಿಂದ ನೇರ ಹಿಮಕ್ಕೆ ಬಿದ್ದವನು, ಟಿವಿ ರೂಮಿನಲ್ಲಿ ಬಿಸಿ ಗಾಳಿ ಬರುತ್ತದೆ ಅಂತ ಕೂತು ಹಾಕಿ ಆಟ ಕಲಿತವನು, ಕೋಲು ಪಕ್‌ಗೆ ತಾಗಿದ ಟಕ್ ಅನ್ನುವ ಸದ್ದಿಗೆ ಕೈ ತಾನಾಗಿ ಏಳಬೇಕು, ಸದ್ದು ತಪ್ಪಿತೋ ಮುಗಿಯಿತು.

ಸದ್ದು ತಪ್ಪಿತೋ — ಇನ್ನೊಂದು ಕಿಟಕಿ ತೆರೆದೇ ಇದೆ ಕಂಪ್ಯೂಟರಿನಲ್ಲಿ, ಮೂರು ದಿನದಿಂದ, ಆರತಿ ಕಳಿಸಿದ ಪಟ್ಟಿ, ಕನ್ನಡದವರು ಸೇರಿ ನಡೆಸುವ ಉಚಿತ ಆರೋಗ್ಯ ಶಿಬಿರ, ಪ್ರತಿ ತಿಂಗಳ ಮೊದಲ ಭಾನುವಾರ, ಬಾಡಿಗೆ ಹಾಲಿನಲ್ಲಿ, ಮಕ್ಕಳನ್ನು ನೋಡಲು ಊರಿಂದ ಬಂದ ಇನ್ಶೂರೆನ್ಸ್ ಇಲ್ಲದ ಅಪ್ಪ ಅಮ್ಮಂದಿರಿಗೆ, ಹದಿನಾಲ್ಕು ವರ್ಷದ ಹಿಂದೆ ಶುರು ಮಾಡಿದವನೇ ಇವನು, ಎರಡು ಮೇಜು, ಒಂದು ಬಿಪಿ ಯಂತ್ರ, ಈಗ ಅದರ ಉಸ್ತುವಾರಿ ಆರತಿಯದು, ದಾವಣಗೆರೆಯವಳು, ಡರ್ಹಮ್‌ನಲ್ಲಿ ನರ್ಸ್, ಜುಲೈನಿಂದ ಡಿಸೆಂಬರ್‌ವರೆಗೆ ಯಾವ ಮೇಜಿಗೆ ಯಾರು ಅಂತ ಪಟ್ಟಿ, ಹೃದಯ ಎಂಬ ಸಾಲಿನಲ್ಲಿ ಆರೂ ತಿಂಗಳು ಡಾ. ಪದ್ಮನಾಭ, ಎಂದಿನಂತೆ, ಕೆಳಗೆ ಒಂದು ಸಾಲು, ಅಂಕಲ್, ನೀವೇ ಒಂದ್ಸಲ ನೋಡಿ ಓಕೆ ಮಾಡಿ, ಸೋಮವಾರ ಪ್ರಿಂಟ್ ಮಾಡ್ತೀನಿ, ಇವತ್ತೇ ಸೋಮವಾರ. ನೀವೇ ಒಂದ್ಸಲ ನೋಡಿ — ಹದಿನಾಲ್ಕು ವರ್ಷದಲ್ಲಿ ಯಾರೂ ಅವನಿಗೆ ಹಾಗೆ ಬರೆದದ್ದಿಲ್ಲ, ಪಟ್ಟಿ ಬರುತ್ತಿತ್ತು, ಹೋಗುತ್ತಿದ್ದ, ಅಷ್ಟೇ.

ಮೇ ತಿಂಗಳ ಶಿಬಿರ, ವೇಣುಗೋಪಾಲ ಅಂತ, ಮಂಡ್ಯದ ಕಡೆಯವರು, ಎಪ್ಪತ್ತೊಂದು ವರ್ಷ, ಮಗಳ ಮನೆಗೆ ಆರು ತಿಂಗಳಿಗೆ ಬಂದವರು, ಮೆಟ್ಟಿಲು ಹತ್ತಿದ್ರೆ ಎದೆ ಹಿಡ್ಕೊಳ್ತದೆ ಡಾಕ್ಟ್ರೇ, ಸ್ವಲ್ಪ ಉಸ್ರು ಕಟ್ತದೆ, ಬನಿಯನ್ ಎತ್ತಿ ಕೂತರು, ಸ್ಟೆಥಾಸ್ಕೋಪು ಕಿವಿಗೆ ಹಾಕಬೇಕಾದರೆ ಕಿವಿಯ ಯಂತ್ರ ತೆಗೆಯಲೇಬೇಕು, ಎರಡೂ ಒಟ್ಟಿಗೆ ಕೂರುವುದಿಲ್ಲ, ತೆಗೆದು ಜೇಬಿಗೆ ಹಾಕಿಕೊಂಡ, ಯಂತ್ರಕ್ಕೆ ಜೋಡಿಸುವ ಬೇರೆ ಸ್ಟೆಥಾಸ್ಕೋಪು ಸಿಗುತ್ತದೆ, ರಾಜೀವ ಎರಡು ಸಲ ಹೇಳಿದ್ದ, ಅದನ್ನು ಕೊಂಡರೆ ಊರಿಗೆಲ್ಲ ಡಾಕ್ಟರಿಗೆ ಕಿವುಡು ಅಂತ ಡಂಗುರ ಹೊಡೆದ ಹಾಗೆ, ಬೇಡ ಅಂದಿದ್ದ, ಜಂಭ, ಇನ್ನೇನು, ಶುದ್ಧ ಜಂಭ — ಎದೆಯ ಮೇಲಿಟ್ಟು ಕೇಳಿದ, ಲಬ್ ಡಬ್, ಲಬ್ ಡಬ್, ಸ್ವಚ್ಛವಾಗಿದೆ ಅನ್ನಿಸಿತು, ಗ್ಯಾಸ್ ಕಣ್ರೀ, ಮಗಳ ಮನೇಲಿ ಚೆನ್ನಾಗಿ ತಿಂದ್ಕೊಂಡು ಮಲಗಿದ್ದೀರ, ರಾತ್ರಿ ಅನ್ನ ಕಮ್ಮಿ ಮಾಡಿ, ದಿನಾ ಎರಡು ಮೈಲಿ ಬಿರಬಿರನೆ ನಡೀರಿ, ಅಂದ, ಅವರು ನಕ್ಕರು, ಇವನೂ ನಕ್ಕ. ಆಮೇಲೆ ಕಣ್ಣಂಚಿನಲ್ಲಿ ಕಂಡದ್ದು, ಅಂಕಲ್ ಒಂದ್ನಿಮಿಷ, ಬಿಪಿ ಇನ್ನೊಂದ್ಸಲ ನೋಡ್ತೀನಿ ಅಂತ ಆರತಿ ಅವರನ್ನು ತನ್ನ ಕುರ್ಚಿಗೆ ಕರೆದದ್ದು, ಬಿಪಿ ಅಂದವಳು ಸ್ಟೆಥಾಸ್ಕೋಪನ್ನು ಎದೆಯ ಮೇಲೆ ಇಟ್ಟದ್ದು, ನಾಲ್ಕು ಕಡೆ, ಆಮೇಲೆ ಕುತ್ತಿಗೆಯ ಮೇಲೆ, ಕಣ್ಣು ಮುಚ್ಚಿಕೊಂಡು, ಇವಳಿಗೆ ಯಾಕಪ್ಪ ಇಷ್ಟು ಹೊತ್ತು, ಕ್ಯೂ ನಿಂತಿದೆ, ಅಂತ ರೇಗಿತ್ತು, ನೆಕ್ಸ್ಟ್ ಅಂತ ಕೂಗಿದ್ದ.

ಜೂನ್ ಶಿಬಿರಕ್ಕೆ ಹೋಗಿರಲಿಲ್ಲ, ಪಕ್ಕದ ರಾಜ್ಯದ ನಾರ್‌ಕ್ರಾಸಿನಲ್ಲಿ ಸುಶೀಲಾಳ ತಂಗಿಯ ಮೊಮ್ಮಗನ ಮದುವೆ, ಮೊನ್ನೆ ಶನಿವಾರ ಮಧ್ಯಾಹ್ನ ಬಾಗಿಲಲ್ಲಿ ವೇಣುಗೋಪಾಲ, ಮಗಳ ಜೊತೆ, ಕೈಯಲ್ಲಿ ಸ್ಟೀಲ್ ಡಬ್ಬಿ, ಬಗ್ಗಿ ಕಾಲು ಮುಟ್ಟಲು ಬಂದರು, ಅಯ್ಯೋ ಏಳ್ರಿ ಏಳ್ರಿ ಅಂದ ಇವನು, ನಿಮ್ಮ ಕ್ಯಾಂಪಿಂದ ಜೀವ ಉಳೀತು ಡಾಕ್ಟ್ರೇ, ಆ ನರ್ಸಮ್ಮ ಮಾರನೇ ದಿನವೇ ಸ್ಕ್ಯಾನ್ ಮಾಡಿಸಿದ್ರು, ಎದೆ ಒಳಗಿನ ಬಾಗ್ಲು ಪೂರ್ತಿ ಕಟ್ಕೊಂಡಿತ್ತಂತೆ, ತೊಡೇಲಿ ತೂರಿಸಿ ಹೊಸದು ಹಾಕಿದ್ರು, ನೀವೇ ಕೇಳಿ ಹೇಳಿದ್ರಂತಲ್ಲ ನರ್ಸಮ್ಮಂಗೆ, ದೇವ್ರು ನೀವು — ಆರತಿ ಹಾಗೆ ಹೇಳಿದ್ದಾಳೆ, ಡಾಕ್ಟರೇ ಹೇಳಿದರು ಅಂತ, ಅಲ್ಲ ಕಣ್ರೀ, ನನಗೆ ಕೇಳಿಸಲೇ ಇಲ್ಲ ಅನ್ನಬೇಕಿತ್ತು, ಕೂತ್ಕೊಳ್ಳಿ, ಕಾಫಿ ತಗೊಳ್ಳಿ ಅಂದ. ಮಹಾಪಧಮನಿಯ ಕವಾಟ ಕಟ್ಟಿಕೊಂಡರೆ ಗರಗಸ ಮರ ಕೊಯ್ದ ಸದ್ದು ಬರುತ್ತದೆ, ಒಂದು ಸಲ ಕೇಳಿದವನು ಸಾಯುವವರೆಗೆ ಮರೆಯುವುದಿಲ್ಲ ಅಂತ ಎಷ್ಟು ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದಾನೆ, ಆ ಎದೆಯೊಳಗೆ ಗರಗಸ ಓಡುತ್ತಿತ್ತು, ಇವನು ಬಿರಬಿರನೆ ನಡೀರಿ ಅಂದ, ಎರಡು ಮೈಲಿ, ಇವನ ಮಾತು ಕೇಳಿ ಅವರು ನಡೆದಿದ್ದರೆ ಫುಟ್‌ಪಾತಿನಲ್ಲೇ ಬಿದ್ದಿರುತ್ತಿದ್ದರು, ನಾಚಿಕೆಯಾಗುತ್ತದೆ, ಎರಡು ದಿನದಿಂದ ನಾಚಿಕೆಯಾಗುತ್ತಿದೆ, ಆ ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ, ಸುಶೀಲಾ ಊಟದ ಮೇಲೆ ಒಂದೊಂದು ತಟ್ಟೆಗೆ ಹಾಕುತ್ತಾಳೆ, ಎಷ್ಟು ಒಳ್ಳೆ ಜನ ರೀ ಅನ್ನುತ್ತಾಳೆ, ಇವನು ಶುಗರ್ ಅಂತ ನೆಪ ಹೇಳಿ ಪಕ್ಕಕ್ಕಿಡುತ್ತಾನೆ.

ಮತ್ತೆ ಹಾಕಿ ಪ್ಲಾನಿಗೆ ಬಂದ, ಆ ಗೋಲ್‌ಕೀಪರನಿಗೆ ಒಂದು ವರ್ಷ ಕೊಟ್ಟು ನೋಡೋಣ, ಎರಡು ಬೇಡ, ಒಂದೇ, ಎರಡು ಮಿಲಿಯನ್, ಅನುಭವ ಅಂತ ಒಂದಿದೆಯಲ್ಲ, ಹೊಸಬರಿಗೆ ಬುದ್ಧಿ ಹೇಳುತ್ತಾನೆ, ಜನಕ್ಕೂ ಪ್ರೀತಿ, ಟೈಪ್ ಮಾಡಿದ, ಲೆಕ್ಕ ಕೂತಿತು, ತೊಂಬತ್ತೈದು ಪಾಯಿಂಟ್ ನಾಲ್ಕು, ಆದರೆ ಇಪ್ಪತ್ತಮೂರು ಇದ್ದದ್ದು ಇಪ್ಪತ್ತನಾಲ್ಕು ಹೆಸರಾಯಿತು, ಒಬ್ಬ ಹೋಗಬೇಕು, ಫಿನ್ಲೆಂಡಿನವನನ್ನೇ ಕೆಳಗಿನ ಲೀಗಿಗೆ ಕಳಿಸಬೇಕು, ಇನ್ನೊಂದು ವರ್ಷ ಕಾಯಪ್ಪ ಅಂತ, ಮತ್ತೆ ಅದೇ ಎಡಗಡೆಯ ಹೊಡೆತ, ಅದೇ ಗ್ಲವ್, ಥೂ, ಊರಿಗೆಲ್ಲ ಶಾಸ್ತ್ರ ಹೇಳಿ ಬದನೆಕಾಯಿ ತಿನ್ನುವುದು ಅಂದರೆ ಇದೇ, ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಜನ ಮುದುಕರನ್ನು ಮನೆಗೆ ಕಳಿಸಿಲ್ಲ ಈ ಬಫಲೋ ಡಾಕ್ಟರ್, ಒಬ್ಬರ ಮೇಲಾದರೂ ಕನಿಕರ ಬಂದಿತ್ತೇ, ಹಳಬ ಮತ್ತೆ ಡಿಲೀಟ್, ಪೋಸ್ಟ್ ಒತ್ತಿದ, ಹೋಯಿತು. ಇನ್ನೊಂದು ಕಿಟಕಿ, ಹೃದಯ, ಜುಲೈ, ಹೆಸರು ಹಾಗೇ ಬಿಟ್ಟರೂ ಯಾರೂ ಕೇಳುವುದಿಲ್ಲ, ಆರತಿ ಸತ್ತರೂ ಬಾಯಿ ಬಿಡುವವಳಲ್ಲ, ಪ್ರತಿ ಸಲ ಅವನ ಹಿಂದೆ ಬಿಪಿ ನೆಪದಲ್ಲಿ ಇನ್ನೊಂದು ಸಲ ಕೇಳುತ್ತಾಳೆ, ಪ್ರತಿ ಸಲ ಡಾಕ್ಟರೇ ಹೇಳಿದರು ಅನ್ನುತ್ತಾಳೆ, ಇವನು ಶಾಲು ಹೊದೆಸಿಕೊಂಡು ಕೂತಿರಬಹುದು ತೊಂಬತ್ತರವರೆಗೆ, ಒಂದು ದಿನ ಅವಳಿಗೆ ಜ್ವರ ಬಂದು ಮನೆಯಲ್ಲಿ ಮಲಗಿದರೆ — ಹೆಸರಿನ ಮೇಲೆ ಬೆರಳಿಟ್ಟ, ಒರೆಸಿದ, ಡಾ. ಶಶಾಂಕ್ ಅಂತ ಬರೆದ, ಕ್ಯಾರಿಯಲ್ಲಿರುವ ಹೃದಯದ ಡಾಕ್ಟರು, ನಲವತ್ತರ ಆಸುಪಾಸು, ನನಗೂ ಒಂದು ಭಾನುವಾರ ಕೊಡಿ ಸಾರ್ ಅಂತ ಎರಡು ಸಲ ಕೇಳಿದ್ದ, ನೋಡೋಣ ನೋಡೋಣ ಅಂದಿದ್ದ ಇವನು, ಜುಲೈ, ಆಗಸ್ಟ್, ಸೆಪ್ಟೆಂಬರ್, ಆರೂ ಸಾಲು, ಕೈ ಇನ್ನೂ ಗಟ್ಟಿಯೇ ಇದೆ.

ಫೋನು ಮೇಜಿನ ಮೇಲೆ ಗುರುಗುಟ್ಟಿತು, ಆರತಿ, ಸ್ಪೀಕರ್ ಜೋರಾಗಿ ಇಟ್ಟ, ಅಂಕಲ್, ಶೀಟ್ ಈಗ ನೋಡ್ತಾ ಇದ್ದೆ, ಶಶಾಂಕ್ ಅಂತ ಹಾಕಿದ್ದೀರ, ಹೂಂ ಕಣಮ್ಮ ಅಂದ, ಇನ್ನು ಅವನೇ ಬರಲಿ, ಅವನಿಗೆ ಫೋನ್ ನಾನೇ ಮಾಡ್ತೀನಿ, ಈಗ ಕೇಳುತ್ತಾಳೆ, ಯಾಕೆ ಅಂಕಲ್ ಅಂತ, ನೀವಿಲ್ದೆ ಕ್ಯಾಂಪಾ ಅಂಕಲ್ ಅಂತ, ಹಾಗೆ ಕೇಳುವುದು ಪದ್ಧತಿ, ಹೋಟೆಲಿನಿಂದ ಎದ್ದು ಹೋಗುವ ಗಿರಾಕಿಗೂ ಇನ್ನೊಂದು ಇಡ್ಲಿ ಹಾಕಲಾ ಅನ್ನುತ್ತಾರೆ, ಕಾದ, ಕಿವಿಯನ್ನು ಫೋನಿಗೆ ಒತ್ತಿ ಕಾದ, ಕೇಳಿದರೆ ಏನು ಹೇಳಬೇಕು ಅಂತಲೂ ಯೋಚಿಸಿಟ್ಟುಕೊಂಡ, ಓಕೆ ಅಂಕಲ್, ಅಂದಳು ಆರತಿ, ಮೆತ್ತಗೆ, ಅಷ್ಟೇ. ವೇಣುಗೋಪಾಲ ಬಂದಿದ್ರು ಶನಿವಾರ, ಅಂದ ಇವನು, ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಕೊಟ್ಟು ಹೋದ್ರು, ಅದು ನಿಂದು ಕಣಮ್ಮ, ನನ್ನದಲ್ಲ, ಬಂದು ತಗೊಂಡು ಹೋಗು, ಅತ್ತಳೋ, ಕೆಮ್ಮಿದಳೋ, ಅಷ್ಟು ಸಣ್ಣ ಸದ್ದು ಇವನಿಗೆ ಎಲ್ಲಿ ತಿಳಿಯಬೇಕು, ಬರ್ತೀನಿ ಅಂಕಲ್ ಅಂದಳು, ಫೋನ್ ಇಟ್ಟಳು. ಸುಶೀಲಾ ಬಾಗಿಲಿಗೆ ಬಂದು ನಿಂತಿದ್ದಾಳೆ, ತುಟಿ ಅಲ್ಲಾಡುತ್ತಿದೆ, ಭಾನುವಾರಕ್ಕೆ ಯಾವ ಶರ್ಟ್ ಇಸ್ತ್ರಿ ಮಾಡಿಡ್ಲಿ, ಹದಿನಾಲ್ಕು ವರ್ಷದಿಂದ ಶಿಬಿರದ ವಾರ ಕೇಳುವ ಪ್ರಶ್ನೆ, ಬಿಳಿಯದಾ, ನೀಲಿ ಗೆರೇದಾ, ರೀ, ಕೇಳಿಸ್ತಾ, ಕೇಳಿಸಿತು, ಈ ಸಲ ಪೂರ್ತಿ ಕೇಳಿಸಿತು, ಯಾವುದೂ ಬೇಡ ಅನ್ನಲು ಕೈ ಎತ್ತಿದ, ಎತ್ತಿದ ಕೈ ಹಾಗೇ ನಿಂತಿತು — ಬಿಳಿ ಹಿಮ, ಗ್ಲವ್ ಮೇಲೇಳುತ್ತಿದೆ, ಚೆನ್ನಾಗಿಯೇ ಏಳುತ್ತಿದೆ, ಅಗಲವಾಗಿ ತೆರೆದುಕೊಂಡು, ಹಿಂದೆ ಕೆಂಪು ದೀಪ ಹತ್ತಿಬಿಟ್ಟಿದೆ